ಸೇಡಿಗೆ ಹಿಡಿದ ಕೈ

ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು, ಸುನೆ ಈ ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ದ್ವೇಷಿಸುತ್ತಿದ್ದ ಹೆಂಗಸು.

"ಫೋನಲ್ಲಿ ಬು ಹ್ವಾಜಾ ಅಂತ ಹೇಳಿದ್ದೆ..." ಆಕೆ ಮಾಸ್ಕ್ ತೆಗೆಯುತ್ತಾ ಮೆಲ್ಲಗೆ ಅಂದಳು. ತನ್ನದೇ ಹೆಸರನ್ನು ಯಾರದೋ ಮನೆಯಿಂದ ಕದ್ದು ತಂದವಳ ಹಾಗೆ ಅತ್ತಿತ್ತ ನೋಡಿದಳು.

ಬು ಹ್ವಾಜಾ! ಅಪ್ಪಟ ಕೊರಿಯಾದ ಹೆಸರು. ಸುನೆಗೆ ನಗು ಬಂತು, ಮೈ ಉರಿಯಿತು. ಯಾಕೆಂದರೆ ಸುನೆಗೆ ಗೊತ್ತಿದ್ದಂತೆ ಈಕೆಯ ಹೆಸರು ತಾನಿಮುರಾ ಕಜುಕೊ. ಕ್ಯೋಟೋದ ಹಳೆಯ ಮಿಠಾಯಿ ಅಂಗಡಿಯ ಯಜಮಾನಿ. ಸುನೆ ಪ್ರೀತಿಸಿದ್ದ ಮಸಾತೊನ ಅಮ್ಮ.

ನಾಲ್ಕು ವರ್ಷದ ಹಿಂದೆ ಮಸಾತೊ ಸುನೆಯನ್ನು ಮನೆಯವರಿಗೆ ಪರಿಚಯಿಸಲು ಕ್ಯೋಟೋದ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ಆಗ ಸುನೆಯ ಹೆಸರು ಯಾನಗಾವಾ ಸುಮಿಯೆ. ಒಸಾಕಾದ ಈ ಇಕುನೊ ಪೇಟೆಯಲ್ಲಿ ಹುಟ್ಟಿದ ಕೊರಿಯಾದ ಮಕ್ಕಳಿಗೆಲ್ಲ ಎರಡೆರಡು ಹೆಸರು. ಅಜ್ಜ ಕೊರಿಯಾದ ಜೇಜು ದ್ವೀಪದಿಂದ ಹಡಗಿನಲ್ಲಿ ತಂದದ್ದು ಮನೆಯೊಳಗೆ, ಜಪಾನಿನದು ಬೀದಿಗೆ. ಊಟದ ನಡುವೆ ಈ ಹೆಂಗಸು ಚಾಪ್‌ಸ್ಟಿಕ್ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ್ದಳು: "ನಮ್ಮದು ಶುದ್ಧವಾದ ಮನೆತನಮ್ಮ. ನಿಮ್ಮ ಜನ ನಮಗೆ ಆಗಿಬರಲ್ಲ. ಊಟ ಮುಗಿಸಿ ಹೊರಡು."

ಮಸಾತೊ ಪಕ್ಕದಲ್ಲೇ ಕೂತಿದ್ದ. ಟೀ ಬಗ್ಗಿಸುತ್ತಿದ್ದ. ತುಟಿ ಎರಡು ಮಾಡಲಿಲ್ಲ.

ಆವತ್ತೇ ಸುನೆ ಅವನ ನಂಬರ್ ಬ್ಲಾಕ್ ಮಾಡಿದಳು. ಸುಮಿಯೆ ಎಂಬ ಹೆಸರನ್ನೇ ಬಿಸಾಡಿ ಯಾಂಗ್ ಸುನೆ ಆದಳು. ಕೌನ್ಸೆಲಿಂಗ್ ಓದಿ, ಅಮ್ಮನ ಕಿಮ್ಚಿ ಉಪ್ಪಿನಕಾಯಿ ಅಂಗಡಿಯ ಮೇಲಿನ ಕೋಣೆಯಲ್ಲಿ ತನ್ನ ಬೋರ್ಡು ಹಾಕಿದಳು. ಎರಡು ಹೆಸರಿನ ನಡುವೆ, ಮನೆ ಮತ್ತು ಮನಸ್ಸಿನ ನಡುವೆ ಸಿಕ್ಕಿ ನಲುಗಿದವರು ಅವಳಲ್ಲಿಗೆ ಬರುತ್ತಿದ್ದರು. ತಮ್ಮ ಮನೆಯ ಕಥೆಯನ್ನು ಅಆಇಈಯಿಂದ ವಿವರಿಸುವ ಕಷ್ಟ ಅವರಿಗೆ ಇಲ್ಲಿ ಇರಲಿಲ್ಲ.

ಈಗ ಅವಳ ಕೂದಲು ಗಿಡ್ಡ, ಮೂಗಿನ ಮೇಲೆ ಕನ್ನಡಕ. ಹ್ವಾಜಾಗೆ ಗುರುತು ಸಿಕ್ಕಲಿಲ್ಲ.

ಆ ಕ್ಷಣವೇ ಎದ್ದು, "ಕ್ಷಮಿಸಿ, ನಿಮಗೆ ಬೇರೆಯವರನ್ನ ಗೊತ್ತುಮಾಡಿ ಕೊಡ್ತೀನಿ" ಅನ್ನಬೇಕಿತ್ತು. ಅದು ಈ ವೃತ್ತಿಯ ಮೊದಲ ಪಾಠ. ಸುನೆ ಹಾಗೆ ಅನ್ನಲಿಲ್ಲ.

"ಕೂತ್ಕೊಳ್ಳಿ" ಅಂದಳು. ಬಾಗಿಲು ಹಾಕಿದಳು.

ಹ್ವಾಜಾ ಮೊದಲು ನಿದ್ದೆಯ ಬಗ್ಗೆ ಹೇಳಿದಳು. ನಿದ್ದೆ ಬರುವುದಿಲ್ಲ, ಅನ್ನ ಸೇರುವುದಿಲ್ಲ. ಕ್ಯೋಟೋದ ಡಾಕ್ಟರು ಮಾತ್ರೆ ಕೊಟ್ಟು, ತವರಿನ ಯೋಚನೆ ಬಿಟ್ಟು ನಿಮ್ಮ ಸುಖ ನೋಡಿಕೊಳ್ಳಿ ಅಂದರಂತೆ.

"ತವರು ಎಲ್ಲಿ?" ಸುನೆ ಕೇಳಿದಳು.

ಆಕೆ ಕಿಟಕಿಯ ಕಡೆ ಕೈ ತೋರಿಸಿದಳು. ಕೆಳಗೆ ಮೀನು ಮಾರುವವಳು ಯಾರನ್ನೋ ಬೈಯುತ್ತಿದ್ದಳು. "ಈ ಪೇಟೆಯ ಆ ಕೊನೆ. ಮದುವೆಯಾದ ಮೇಲೆ ಈ ಕಡೆ ತಲೆ ಹಾಕಿಲ್ಲ. ನಮ್ಮಮ್ಮ ವಸಂತದಲ್ಲಿ ಹೋಗಿಬಿಟ್ಟಳು. ಅಕ್ಕ ಫೋನ್ ಮಾಡಿದ್ದಳು. ನಾನು ಅಂಗಡೀಲಿ ಗಿರಾಕಿಗಳ ಮುಂದೆ ನಿಂತಿದ್ದೆ. 'ರಾಂಗ್ ನಂಬರ್' ಅಂದೆ."

ಆಕೆ ತೆಗೆದ ಮಾಸ್ಕನ್ನು ಮಡಿಲಲ್ಲಿಟ್ಟು ಮಡಚತೊಡಗಿದಳು.

"ಅಮ್ಮನ ಸಾವಿಗೆ 'ರಾಂಗ್ ನಂಬರ್' ಅಂದ ಮಗಳು ನಾನು. ಈಗ ಕಣ್ಣು ಮುಚ್ಚಿದ್ರೆ 'ಹ್ವಾಜಾ, ಹ್ವಾಜಾ' ಅಂತ ಕೂಗ್ತಾಳೆ. ನನ್ನ ಮಗನಿಗೆ ಇದ್ಯಾವುದೂ ಗೊತ್ತಿಲ್ಲ. ಗೊತ್ತಾದ್ರೆ ನಾನು ಬದುಕಲ್ಲ."

ಸುನೆಯ ಎದೆಯಲ್ಲಿ ಒಂದು ಬೆಚ್ಚನೆಯ ಸುಖ ಹರಡಿತು. ಬೇರೆ ಯಾರೇ ಆಗಿದ್ದರೂ ಅವಳ ಕಣ್ಣು ತುಂಬುತ್ತಿತ್ತು. ಇದು ಬೇರೆ ರುಚಿ. ಇನ್ನೂ ಬೇಕು ಅನ್ನಿಸುವ ರುಚಿ.

"ಇನ್ನೇನಾದ್ರೂ ಕಾಡ್ತಿದೆಯಾ?" ಜೇನಿನಂಥ ದನಿಯಲ್ಲಿ ಕೇಳಿದಳು.

"ಮಗ ಒಬ್ಬ ಹುಡುಗೀನ ಕರ್ಕೊಂಡು ಬಂದಿದ್ದ. ಅವಳು ಜಪಾನಿನವರ ಹಾಗೆ ಅನ್ನದ ಬಟ್ಟಲನ್ನ ಕೈಯಲ್ಲಿ ಎತ್ತಲಿಲ್ಲ, ಟೇಬಲ್ ಮೇಲೇ ಇಟ್ಟು ಚಮಚದಲ್ಲಿ ತಿಂದಳು. ನಮ್ಮಮ್ಮನ ಹಾಗೇ. ಅವಳು ಮನೆಗೆ ಬಂದ್ರೆ ಒಂದು ವಾರದಲ್ಲಿ ನನ್ನನ್ನ ಕಂಡುಹಿಡೀತಾಳೆ ಅನ್ನಿಸ್ತು. ಓಡಿಸಿಬಿಟ್ಟೆ."

"ಆ ಹುಡುಗಿ ಹೆಸರು?"

"ಸುಮಿಯೆ."

ಸುನೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಸರಿಯಾಗಿ ನೋಡಿ, ಅಮ್ಮಾವ್ರೇ. ಅವಳ ಕೂದಲು ಉದ್ದ ಇತ್ತು, ಅಲ್ವಾ?"

ಹ್ವಾಜಾಳ ಮುಖದಿಂದ ಬಣ್ಣ ಇಳಿಯುವುದನ್ನು ಸುನೆ ಕಣ್ಣು ಮಿಟುಕಿಸದೆ ನೋಡಿದಳು. ಆಕೆ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದು, "ನನ್ನ ಮಗ ಕೆಳಗೇ ಇದ್ದಾನೆ, ನಿದ್ದೆಯ ಚಿಕಿತ್ಸೆ ಅಂತಷ್ಟೇ ಅವನಿಗೆ ಗೊತ್ತು... ದಮ್ಮಯ್ಯ, ಹೇಳಬೇಡ" ಅಂದಳು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. "ಅಮ್ಮಾ, ಆಯ್ತಾ? ಕಾರಿಗೆ ಜಾಗ ಇಲ್ಲ, ಒಬ್ಬಳು ಕೋಸು ಹಿಡ್ಕೊಂಡು ನನಗೆ ಹೊಡೆಯೋಕೇ ಬಂದಳು!"

ಬಾಗಿಲು ತೆರೆಯಿತು. ಮಸಾತೊ ನಿಂತಲ್ಲೇ ನಿಂತ.

ಅವನು ಸ್ವಲ್ಪ ಸೊರಗಿದ್ದ. ಆ ಎಡಹುಬ್ಬು ಮಾತ್ರ ಹಾಗೇ ಇತ್ತು, ಆಶ್ಚರ್ಯವಾದಾಗ ಬಲದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ. ಒಂದು ಕಾಲದಲ್ಲಿ ಸುನೆ ಅದನ್ನು ಬೆರಳಿನಿಂದ ಒತ್ತಿ ಸಮ ಮಾಡುತ್ತಿದ್ದಳು. ಈಗ ಅವಳ ಬೆರಳು ತಾನಾಗಿ ಮಡಚಿಕೊಂಡಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಸುಮಿಯೆ..."

"ಸುನೆ. ಕೆಳಗೆ ಬೋರ್ಡಲ್ಲಿದೆ. ಓದೋಕೆ ಬರಲ್ವಾ?"

"ಬೋರ್ಡು ನೋಡಲಿಲ್ಲ. ಕೋಸಿನ ಏಟು ತಪ್ಪಿಸ್ಕೊಳ್ತಿದ್ದೆ."

"ಆಕೆ ನಮ್ಮಮ್ಮ. ಹೊಡೀಬೇಕಿತ್ತು."

ಅವನಿಗೆ ನಗು ಬಂತು. ನಗಬಾರದು ಅನ್ನಿಸಿ ತಲೆ ತಗ್ಗಿಸಿದ. ಹ್ವಾಜಾ ಇಬ್ಬರ ಮುಖವನ್ನೂ ಬೇಡುವವಳ ಹಾಗೆ ನೋಡುತ್ತಿದ್ದಳು. ಒಂದೇ ಒಂದು ಮಾತು ಸಾಕಿತ್ತು. ಸುನೆ ಆ ಮಾತನ್ನು ನಾಲಿಗೆಯ ಮೇಲಿಟ್ಟು ಸವಿದಳು, ನುಂಗಿದಳು.

"ನಿಮ್ಮ ತಾಯಿ ಮುಂದಿನ ವಾರ ಮತ್ತೆ ಬರಲಿ" ಅಂದಳು. ಆ ಹೆಂಗಸು ಒಂದು ವಾರ ನಡುಗಲಿ ಎಂಬುದೇ ಅವಳ ಲೆಕ್ಕಾಚಾರ.

ಮಾರನೆಯ ದಿನ ಮಧ್ಯಾಹ್ನ ಸುನೆಯ ಅಮ್ಮ ಮೆಟ್ಟಿಲ ಬುಡದಿಂದ ಕೂಗಿದಳು: "ಏನೇ! ನಿನ್ನೆಯ ಕಾರಿನವನು ಬಂದು ಮೂಲಂಗಿ ಮುಂದೆ ನಿಂತಿದ್ದಾನೆ. ಕೊಳ್ಳೋದೂ ಇಲ್ಲ, ಹೋಗೋದೂ ಇಲ್ಲ. ಮೂಲಂಗೀನ ಹೆಣ್ಣು ನೋಡೋಕೆ ಬಂದಿದ್ದಾನಾ ಹೇಗೆ?"

ಮಸಾತೊ. ಕೈಯಲ್ಲಿ ಮಿಠಾಯಿ ಪೊಟ್ಟಣ, ಮುಖದಲ್ಲಿ ಪರೀಕ್ಷೆಗೆ ಬಂದ ಹುಡುಗನ ಕಳೆ.

ಅವನನ್ನು ಕಂಡ ಕ್ಷಣ ಸುನೆಗೆ ಎಲ್ಲ ಹೊಳೆಯಿತು. ಇವನಿಗೆ ಮತ್ತೆ ಹುಚ್ಚು ಹಿಡಿಸಬೇಕು. ಅದೇ ಹೋಟೆಲಿಗೆ, ಅದೇ ಟೇಬಲ್ಲಿಗೆ, ಮನೆಯವರೆದುರು ಕರೆಸಿಕೊಳ್ಳಬೇಕು. ಅವನು ಕೈ ಚಾಚಿದಾಗ ಎದ್ದು ನಿಂತು, "ನಿಮ್ಮ ಜನ ನನಗೆ ಆಗಿಬರಲ್ಲ" ಅನ್ನಬೇಕು. ಅನ್ನುವಾಗ ಅವನ ಆ ಹುಬ್ಬು ನೋಡಬೇಕು.

"ಬಾ" ಅಂದಳು. ಅವನ ಕೈ ಹಿಡಿದು ಇಡೀ ಪೇಟೆ ನೋಡುವಂತೆ ಎಳೆದುಕೊಂಡು ಹೋದಳು.

ಸೇಡು ತೀರಿಸಿಕೊಳ್ಳಲು ಇಷ್ಟು ನಗಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಖಾರದ ಅಕ್ಕಿಕಡುಬು ತಿನ್ನಿಸಿದಳು. ಅವನ ಮೂಗು, ಕಿವಿ ಎಲ್ಲ ಕೆಂಪಾದರೂ "ತುಂಬಾ ಚೆನ್ನಾಗಿದೆ" ಎಂದು ಕಣ್ಣೀರು ಸುರಿಸಿದ. ಇನ್ನೊಂದು ದಿನ ಮೀನಿನವಳು "ಯಾರಮ್ಮಾ ಇವರು, ನಿನ್ನವರಾ?" ಎಂದಾಗ, ಅವನು ಸುನೆಯ ಮುಖವನ್ನೇ ನೋಡುತ್ತಾ, "ಇನ್ನೂ ಅರ್ಜಿ ಹಾಕ್ಕೊಂಡಿದ್ದೀನಿ" ಅಂದ. ಸುನೆ ಬೇರೆಡೆ ನೋಡಿದಳು. ಕುತ್ತಿಗೆ ಬಿಸಿಯಾಯಿತು. ಖಾರದಿಂದ ಎಂದುಕೊಂಡಳು, ತಾನು ತಿಂದದ್ದು ಬರೀ ಸೌತೆಕಾಯಿಯಾದರೂ.

ಕಾಲುವೆಯ ದಡದಲ್ಲಿ ಕೂತಾಗ ಅವನು ಹೇಳಿದ, "ಅಮ್ಮ ಹಳೇ ಕಾಲದವಳು, ಸುನೆ. ನಿಮ್ಮ ಜನರ ಕಷ್ಟ ಅವಳಿಗೆ ಹೇಗೆ ಅರ್ಥವಾಗಬೇಕು ಹೇಳು?"

ಆ ಮಾತು ಮತ್ತೆ ಗಂಟಲಿಗೆ ಬಂತು. ನಿಮ್ಮ ಜನ! ಲೋ ಪೆದ್ದೇ, ನಿನ್ನ ರಕ್ತ ಯಾವುದು ಅಂತ ಗೊತ್ತಾ? ಸುನೆ ಕೈಯಲ್ಲಿದ್ದ ಪೇಪರ್ ಕಪ್ಪನ್ನು ಮುದುಡಿ ಉಂಡೆ ಮಾಡಿದಳು. ಆ ಕೋಣೆಯಲ್ಲಿ ಕೇಳಿದ್ದು ಆ ಕೋಣೆಯದು. ಅವಳಿಗೆ ತನ್ನದು ಎಂದು ಉಳಿದಿದ್ದ ಮರ್ಯಾದೆ ಅದೊಂದೇ.

"ನಿಮ್ಮಮ್ಮನ ಮಾತು ಬಿಡು" ಅಂದಳು. "ನಿನ್ನದು ಹೇಳು. ಆವತ್ತು ಯಾಕೆ ಬಾಯಿ ಬಿಡಲಿಲ್ಲ?"

ಅವನು ಅವಳ ಕೈಯಿಂದ ಆ ಕಪ್ಪಿನ ಉಂಡೆಯನ್ನು ತೆಗೆದುಕೊಂಡ. "ಹೆದರಿದೆ. ಆಮೇಲೆ ಮನೆಗೆ ಹೋಗಿ ಸಮಾಧಾನ ಮಾಡಿದರಾಯ್ತು ಅಂದ್ಕೊಂಡೆ. ಆ 'ಆಮೇಲೆ' ಬರಲೇ ಇಲ್ಲ."

ಅವನು ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು. ನಿಜ ಹೇಳಿದವನನ್ನು ದ್ವೇಷಿಸುವುದು ಹೆಚ್ಚು ಕಷ್ಟದ ಕೆಲಸ.

ಸುನೆಗೆ ಕೆಲಸ ಕಲಿಸಿದ ಹಿರಿಯ ಕೌನ್ಸೆಲರ್ ಕೋ ಯಂಗಿ ಅದೇ ಪೇಟೆಯವರು. ಆಗಾಗ ಸುನೆ ತನ್ನ ಕೇಸುಗಳನ್ನು ಅವರ ಮುಂದಿಟ್ಟು ಸಲಹೆ ಕೇಳುವುದು ರೂಢಿ. ಆ ವಾರ ಹೋದಾಗ ಅವರು ಬಾಗಿಲಲ್ಲೇ ಕೇಳಿದರು:

"ಹಬ್ಬದೂಟ ಮಾಡಿದವಳ ಮುಖ ಇದೆಯಲ್ಲೇ ನಿಂದು. ಯಾರನ್ನ ತಿಂದೆ?"

ಸುನೆ ಎಲ್ಲ ಹೇಳಿದಳು. ಕೋ ಮೇಡಂ ಗೋಡಂಬಿ ತಿನ್ನುವುದನ್ನು ನಿಲ್ಲಿಸಿದರು.

"ಆ ಡಾಕ್ಟ್ರು ತವರಿನಿಂದ ದೂರ ಇರಿ ಅಂದರಂತಾ? ದೂರ ಇದ್ದೇ ಅಲ್ವೇನೆ ಕಾಯಿಲೆ ಬಂದಿರೋದು! ಆಕೆಗೆ ಬೇಕಾಗಿರೋದು ಅಮ್ಮನ ತಿಥಿ ಮಾಡಿ, ನೆಲ ಬಡಿದು ಅಳೋಕೆ ಒಂದು ಜಾಗ. ಅದು ನಿನಗೂ ಗೊತ್ತು. ಗೊತ್ತಿದ್ದೂ ಕೊಡದೆ ಆಟ ಆಡಿಸ್ತಿದ್ದೀಯ."

"ಅವಳು ನನಗೆ ಮಾಡಿದ್ದಕ್ಕೆ ಏನೂ ಇಲ್ವಾ ಮೇಡಂ?"

"ಇದೆ. ಹೊರಗೆ ಹೋಗಿ ಜಗಳ ಆಡು. ಬೀದಿಲಿ ನಿಂತು ಜುಟ್ಟು ಹಿಡಿ, ನಾನೂ ಬಂದು ಹಿಡ್ಕೊಳ್ತೀನಿ. ಆದ್ರೆ ಆ ಕುರ್ಚಿಲಿ ಕೂತು ಬೇಡ. ಆ ಕುರ್ಚಿ ಮುಂದೆ ಜನ ಕವಚ ಕಳಚಿ ಕೂತಿರ್ತಾರೆ."

ಹ್ವಾಜಾ ಮತ್ತೆ ಬಂದಾಗ ಇನ್ನೂ ಬಡವಾಗಿದ್ದಳು. ಒಂದು ವಾರದ ನಡುಕ ಚೆನ್ನಾಗಿಯೇ ಕೆಲಸ ಮಾಡಿತ್ತು.

"ನಾನು ನಿಮ್ಮನ್ನ ನೋಡಲ್ಲ" ಅಂದಳು ಸುನೆ, ನಿಂತುಕೊಂಡೇ. "ಮೊದಲ ದಿನವೇ ಹೇಳಬೇಕಿತ್ತು. ನೀವು ಅಳೋದು ನೋಡಿ ನನಗೆ ಖುಷಿಯಾಯ್ತು. ಅದಕ್ಕೆ ಹೇಳಲಿಲ್ಲ. ಅದು ನನ್ನ ತಪ್ಪು."

"ಅಂದ್ರೆ ನನ್ನನ್ನ ಹೊರಗೆ ಹಾಕ್ತಿದ್ದೀಯ."

"ಹೌದು. ನೀವು ನನ್ನನ್ನ ಹೊರಗೆ ಹಾಕಿದಾಗ ಎಲ್ಲಿಗೆ ಹೋಗಬೇಕು ಅಂತ ಹೇಳಿರಲಿಲ್ಲ. ನಾನು ಹೇಳ್ತಿದ್ದೀನಿ." ಸುನೆ ಕಿಟಕಿಯಿಂದ ಬೀದಿಯಾಚೆಯ ಮನೆ ತೋರಿಸಿದಳು. "ಕೋ ಯಂಗಿ ಮೇಡಂ. ನಿಮಗೋಸ್ಕರ ಕಾಯ್ತಿದ್ದಾರೆ. ನಿಮ್ಮ ವಿಷಯ ನನ್ನ ಬಾಯಿಂದ ಮಸಾತೊಗೆ ಯಾವತ್ತೂ ಹೋಗಲ್ಲ. ಅದು ನಿಮ್ಮ ಮೇಲಿನ ಕನಿಕರದಿಂದಲ್ಲ, ನನ್ನ ಬೋರ್ಡಿನ ಮರ್ಯಾದೆಗೆ."

ಹ್ವಾಜಾ ಬಾಗಿಲವರೆಗೆ ಹೋಗಿ ತಿರುಗಿದಳು. "ಅವನ ಜೊತೆ ಓಡಾಡ್ತಿದ್ದೀಯಂತೆ. ಅದೂ ಸೇಡಿಗೇನಾ?"

ಸುನೆ ಹೌದು ಅನ್ನಲು ಬಾಯಿ ತೆರೆದಿದ್ದಳು. ಹೊರಬಂದದ್ದು ಬೇರೆ ಮಾತು: "ಮೆಟ್ಟಿಲು ಕಡಿದಾಗಿದೆ, ನೋಡ್ಕೊಂಡು ಇಳೀರಿ."

ಎಲೆ ಕೆಂಪಾಗುವ ಕಾಲದಲ್ಲಿ ಮಸಾತೊ ಕೇಳಿದ. ಅದೇ ಹೋಟೆಲ್, ಮಧ್ಯಾಹ್ನದ ಊಟ, ಅಮ್ಮ ಮತ್ತು ಸತ್ತುಹೋದ ಅಪ್ಪನ ಅಕ್ಕ ಕಿಕುಯೆ ಬರುತ್ತಾರೆ, ನೀನೂ ಬರ್ತೀಯಾ ಎಂದು. ಬಲೆಗೆ ಮೀನು ತಾನಾಗಿ ಬಿದ್ದಿತ್ತು. ಸುನೆ ಕೊರಿಯಾದ ಹಬ್ಬದುಡುಗೆ ಚಿಮಾ ಚೊಗೊರಿ ತೆಗೆದಳು. ಕಡುನೀಲಿ ಲಂಗ, ಬಿಳಿ ಗಿಡ್ಡ ರವಿಕೆ, ಎದೆಯ ಮೇಲೆ ಕೆಂಪು ರಿಬ್ಬನ್. ಯುದ್ಧಕ್ಕೆ ಹೊರಟವಳ ಹಾಗೆ ರಿಬ್ಬನ್ ಬಿಗಿದಳು.

ಹೋಟೆಲಿನಲ್ಲಿ ಅವಳನ್ನು ಕಂಡು ಮಸಾತೊ ಉಸಿರಾಡುವುದನ್ನೇ ಮರೆತ. "ನಾನು... ಕುರ್ಚಿ..." ಎಂದು ತನ್ನ ಕುರ್ಚಿಯನ್ನೇ ಅವಳ ಕಡೆ ಎಳೆದ.

ಕಿಕುಯೆ ಮಾತ್ರ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಗುತ್ತಲೇ ಹೇಳಿದಳು, "ಕಜುಕೊ, ನಿನ್ನ ಮಗ ಪಾಠ ಕಲಿತಿಲ್ಲ ನೋಡು. ಈ ಜನಕ್ಕೆ ಎಲ್ಲಿಗೆ ಏನು ಉಡಬೇಕು ಅನ್ನೋದೂ ಗೊತ್ತಿಲ್ಲ."

ಸುನೆ ಕಾಯುತ್ತಿದ್ದ ಗಳಿಗೆ ಇದೇ. ಅವಳು ಏಳಲು ಹೊರಟಳು.

"ಅಕ್ಕಾ" ಎಂದಳು ಹ್ವಾಜಾ. "ಈ ಜನ ಅಂದ್ರೆ, ಅದರಲ್ಲಿ ನಾನೂ ಸೇರ್ತೀನಿ."

ಯಾರಿಗೂ ಅರ್ಥವಾಗಲಿಲ್ಲ, ಸುನೆಯೊಬ್ಬಳ ಹೊರತು.

"ನನ್ನ ಹೆಸರು ಬು ಹ್ವಾಜಾ. ಹುಟ್ಟಿದ್ದು ಇಕುನೊದಲ್ಲಿ. ನಿಮ್ಮ ತಮ್ಮನಿಗೆ ಗೊತ್ತಿತ್ತು, ಸಾಯೋವರೆಗೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನಮ್ಮಮ್ಮ ಸತ್ತಾಗ್ಲೂ ಬಿಡಲಿಲ್ಲ." ಆಕೆ ಮಗನ ಕಡೆ ತಿರುಗಿದಳು. "ಈ ಹುಡುಗಿಗೆ ಎಲ್ಲ ಗೊತ್ತಿತ್ತು ಮಸಾತೊ. ನನ್ನನ್ನ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಮುಗಿಸಲಿಲ್ಲ."

ಕಿಕುಯೆ ಕೈಚೀಲ ಎತ್ತಿಕೊಂಡು ಎದ್ದಳು. "ಇಷ್ಟು ವರ್ಷ ನಮ್ಮ ಅಡುಗೆಮನೇಲಿ..."

"ಅತ್ತೆ." ಮಸಾತೊನ ಮುಖ ಸುಣ್ಣವಾಗಿತ್ತು. ಆದರೂ ಎದ್ದು ನಿಂತಿದ್ದ. "ಕೂರೋದಾದ್ರೆ ಕೂತ್ಕೊಳ್ಳಿ, ಹೋಗೋದಾದ್ರೆ ಹೋಗಿ. ನಮ್ಮಮ್ಮನ ಬಗ್ಗೆ ಇನ್ನೊಂದು ಮಾತು ಆಡಬೇಡಿ."

ಕಿಕುಯೆ ಹೋದಳು. ಮಸಾತೊ ಬಾಗಿ ಅಮ್ಮನ ಭುಜ ಹಿಡಿದುಕೊಂಡ. ಸುನೆ ಆ ಕೈಯನ್ನೇ ನೋಡಿದಳು.

"ಅಮ್ಮನಿಗಾದ್ರೆ ಬಾಯಿ ಬಂತು" ಎಂದಳು.

"ಸುನೆ..."

"ಇಷ್ಟೇ ಇಷ್ಟು ಮಾತು, ಮಸಾತೊ. ಇಷ್ಟು ಸುಲಭವಾಗಿ ಬರ್ತಿತ್ತು. ಆವತ್ತು ನನಗೋಸ್ಕರ ಬರಲಿಲ್ಲ." ಅವಳ ಕಣ್ಣು ತುಂಬಿತ್ತು, ಅದನ್ನು ಒರೆಸಿಕೊಳ್ಳಲು ಅವಳು ಒಪ್ಪಲಿಲ್ಲ. "ನಾನಿವತ್ತು ಬಂದಿದ್ದು ನಿನಗೆ ಒಲ್ಲೆ ಅನ್ನೋಕೆ. ಇದೇ ಜಾಗದಲ್ಲಿ, ಎಲ್ಲರ ಮುಂದೆ. ಹೇಳ್ತಿದ್ದೀನಿ, ಕೇಳಿಸ್ಕೊ. ಆವತ್ತು ಟೀ ಬಗ್ಗಿಸ್ತಾ ಕೂತಿದ್ದ ಗಂಡಸನ್ನ ನಾನು ಒಲ್ಲೆ."

ಹೇಳಿದಳು, ಲಂಗ ಎತ್ತಿಕೊಂಡು ಹೊರಟುಹೋದಳು. ರೈಲಿನಲ್ಲಿ ಕೂತು, ಸೇಡು ತೀರಿಸಿಕೊಂಡವಳಿಗೆ ಆಗಬೇಕಾದ ಸಂತೋಷಕ್ಕಾಗಿ ಒಸಾಕಾವರೆಗೂ ಕಾದಳು. ಅದು ಬರಲಿಲ್ಲ.

ಚಳಿಗಾಲ ಶುರುವಾದಾಗ ಹ್ವಾಜಾಳೇ ಕಿಮ್ಚಿ ಅಂಗಡಿಗೆ ಬಂದಳು. ಅಕ್ಕನ ಮನೆಯಲ್ಲಿ ಅಮ್ಮನಿಗೆ ಎಡೆ ಇಡುತ್ತಿದ್ದೇವೆ, ಭಾನುವಾರ ಮಧ್ಯಾಹ್ನ, ಅಂದಳು. ಬಾ ಎಂದು ಕರೆಯುವ ಧೈರ್ಯ ಆಕೆಗೆ ಇರಲಿಲ್ಲ. ಸುನೆಯ ಅಮ್ಮನೇ ಒಂದು ಡಬ್ಬ ತುಂಬಿ ಮಗಳ ಕೈಗಿಟ್ಟಳು: "ತಿಥಿ ಮನೆಗೆ ಬರಿಗೈಲಿ ಹೋಗಬಾರದು. ಕೊಟ್ಟು ಬಾ. ಕೋಪ ಬೇಕಾದ್ರೆ ಜೊತೆಗೇ ತಗೊಂಡು ಹೋಗು."

ಆ ಮನೆಯ ಹೊಸಿಲಲ್ಲಿ ನಿಂತು ಸುನೆ ನೋಡಿದಳು. ಮಸಾತೊ ಅಜ್ಜಿಯ ಫೋಟೋದ ಮುಂದೆ ಸಾಷ್ಟಾಂಗ ಬೀಳಲು ಕಲಿಯುತ್ತಿದ್ದ. ಯಾವ ಕೈ ಮೇಲೆ, ಯಾವ ಮಂಡಿ ಮೊದಲು, ಒಂದೂ ತಿಳಿಯದೆ ಪಕ್ಕಕ್ಕೆ ವಾಲಿದ. ಅವನ ದೊಡ್ಡಮ್ಮ ಗದರಿದಳು: "ಲೋ, ಅಜ್ಜಿಗೆ ನಮಸ್ಕಾರ ಮಾಡ್ತಿದ್ದೀಯೋ, ಈಜು ಹೊಡೀತಿದ್ದೀಯೋ?" ಕೋ ಮೇಡಂ ಮೂಲೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡು ನಕ್ಕರು.

ಆಮೇಲೆ ಹ್ವಾಜಾ ಬಾಗಿದಳು. ಏಳಲಿಲ್ಲ. "ಅಮ್ಮಾ" ಎಂದು ನೆಲ ಬಡಿದು ಕೂಗಿದಳು. ಇಡೀ ಓಣಿಗೆ ಕೇಳುವಂತೆ, ನಾಚಿಕೆಯಿಲ್ಲದೆ, ತನ್ನ ಹಳೆಯ ಭಾಷೆಯಲ್ಲಿ ಅತ್ತಳು. ಈ ಸಲ ಸುನೆಗೆ ಯಾವ ರುಚಿಯೂ ಹತ್ತಲಿಲ್ಲ. ಡಬ್ಬ ಕೆಳಗಿಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದಳು.

ಅತ್ತು ಮುಗಿದ ಮೇಲೆ ಹ್ವಾಜಾ ಅವಳ ಹತ್ತಿರ ಬಂದಳು. "ಕ್ಷಮಿಸು ಅನ್ನೋಕೆ ನನಗೆ ಮುಖ ಇಲ್ಲ."

"ಅನ್ನಬೇಡಿ. ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು. ಊಟ ಮಾಡ್ಕೊಂಡು ಹೋಗು."

ಊಟವಾದ ಮೇಲೆ ಓಣಿಯ ಬಿಸಿಲಿನಲ್ಲಿ ಮಸಾತೊ ಅವಳ ಪಕ್ಕ ಬಂದು ನಿಂತ. ಅವನ ಪ್ಯಾಂಟಿನ ಮಂಡಿಗಳು ಧೂಳಾಗಿದ್ದವು.

"ಆ ಟೀ ಬಗ್ಗಿಸೋನನ್ನ ನಾನೂ ಒಲ್ಲೆ" ಅಂದ. "ಇವನು ಬೇರೆ. ಹೊಸಬ. ನಮಸ್ಕಾರ ಮಾಡೋಕೂ ಸರಿಯಾಗಿ ಬರಲ್ಲ."

"ನೋಡ್ದೆ."

"ಸುನೆ, ನೀನಂದ್ರೆ ನನಗೆ ಪ್ರಾಣ. ಆವತ್ತೂ ಅಷ್ಟೇ, ಇವತ್ತೂ ಅಷ್ಟೇ. ಇಷ್ಟನ್ನ ಜೋರಾಗಿ ಹೇಳೋಕೆ ಇಷ್ಟು ವರ್ಷ ಬೇಕಾಯ್ತು." ನಿಜವಾಗಿಯೂ ಜೋರಾಗಿಯೇ ಹೇಳಿದ್ದ. ಎದುರು ಮನೆಯ ಕಿಟಕಿ ತೆರೆಯಿತು.

ಸುನೆಯ ಕಿವಿ ಕೆಂಪಾಯಿತು. ಅವಳು ಗೋಡೆಯ ಕಡೆ ನೋಡುತ್ತಾ ಹೇಳಿದಳು, "ನಾನೂ ಒಂದು ಹೇಳಬೇಕು. ಆವತ್ತು ಪೇಟೇಲಿ ನಿನ್ನ ಕೈ ಹಿಡಿದಿದ್ದು ಸೇಡಿಗೆ."

"ಗೊತ್ತಿತ್ತು."

ಅವಳು ಸರಕ್ಕನೆ ತಿರುಗಿದಳು. "ಹೇಗೆ ಗೊತ್ತಿತ್ತು?"

"ನೀನು ಉಗುರು ಚುಚ್ಚಿದ್ದೆ. ಒಂದು ವಾರ ಗುರುತು ಇತ್ತು."

"ಗೊತ್ತಿದ್ದೂ ಯಾಕೆ ಬಂದೆ?"

"ಕೈ ನಿಂದೇ ಅಲ್ವಾ."

ಅವನ ಹುಬ್ಬು ಮೇಲೇರಿ ಉತ್ತರಕ್ಕಾಗಿ ಕಾಯುತ್ತಿತ್ತು. ಅವಳು ಕೈ ಚಾಚಿ ಅವನ ಅಂಗೈಯನ್ನು ಹಿಡಿದಳು, ಬೇಕೆಂದೇ ಬಿಗಿಯಾಗಿ.

"ಉಗುರು ಕತ್ತರಿಸ್ಕೊಳ್ಳಲ್ಲ" ಅಂದಳು.

"ಬೇಡ" ಅಂದ ಅವನು.